ಮೂವತ್ತೆರಡನೇ ಎಸಳು

ಗಾಜಿನ ಪೆಟ್ಟಿಗೆಗೆ ಅಳತೆ ತಗೊಳ್ಳೋಕೆ ಬಂದ ಬಡಗಿ ಮೊದಲು ಕೇಳಿದ್ದೇ, "ಮಗು ಎಲ್ಲಿ ಮೇಡಂ?"

"ಯಾವ ಮಗು?"

"ಈ ವಿಮಾನ ಯಾರದ್ದೋ, ಅವರು."

ಹಲ್ಲಿನ ಡಾಕ್ಟರಾದ ಅವಳು ತನ್ನ ಮೂವತ್ತಮೂರು ವರ್ಷದ ಮುಖವನ್ನು ಆದಷ್ಟು ಗಂಭೀರ ಮಾಡಿಕೊಂಡು, ಆ ಮಗು ತಾನೇ ಎಂದಳು. ಬಡಗಿಯ ಕಿವಿ ಕೆಂಪಾಯಿತು.

ಊಟದ ಮೇಜಿನ ತುಂಬ ರೆಕ್ಕೆ ಚಾಚಿ ನಿಂತಿತ್ತು ಸೋವಿಯತ್ ಕಾಲದ ಟುಪೊಲೆವ್-95 ಬಾಂಬರಿನ ಪ್ಲಾಸ್ಟಿಕ್ ಮಾಡೆಲ್. ಆ ತುದಿಯಿಂದ ಈ ತುದಿಗೆ ಮೀಟರಿಗೂ ಮಿಗಿಲು. ನಾಲ್ಕು ಎಂಜಿನ್, ಒಂದೊಂದಕ್ಕೂ ಎರಡೆರಡು ಪ್ರೊಪೆಲರ್, ಪ್ರೊಪೆಲರಿಗೆ ನಾಲ್ಕರಂತೆ ಒಟ್ಟು ಮೂವತ್ತೆರಡು ಎಸಳು. ಬಾಯಲ್ಲಿರೋ ಹಲ್ಲಿನ ಲೆಕ್ಕವೇ, ಅದಕ್ಕೇ ಇವಳು ಇದರ ಹಿಂದೆ ಬಿದ್ದಿದ್ದಾಳೆ ಎಂದು ಅಮ್ಮ ಗೊಣಗುತ್ತಿದ್ದರು. ಒಂದೂವರೆ ವರ್ಷದಿಂದ ಅಮ್ಮ, ಮಗಳು ತಟ್ಟೆಯನ್ನು ತೊಡೆ ಮೇಲಿಟ್ಟುಕೊಂಡೇ ಉಂಡಿದ್ದರು. ಮುಂದಿನ ಭಾನುವಾರ ಮಾಡೆಲ್‌ಗಳ ಪ್ರದರ್ಶನ.

ಅಳತೆ ಬರೆದುಕೊಂಡು ಅವನು ಟೇಪಿನ ಗುಂಡಿ ಒತ್ತಿದ. ಟೇಪು ಸರ್ರನೆ ಒಳಗೋಡುವಾಗ ತುದಿ ತಗುಲಿ ಒಂದು ಎಸಳು ಟಪ್ಪೆಂದು ಹಾರಿತು. ಅಮ್ಮನೂ ಸೇರಿ ಮೂವರೂ ನೆಲದ ಮೇಲೆ ಕೂತು ಹುಡುಕಿದರು. ಸಿಕ್ಕಿದ್ದು ಎರಡು ಚೂರು. ಅವಳು ಬೈಯಲಿಲ್ಲ, ಕಣ್ಣು ತುಂಬಿಕೊಂಡಿತು ಅಷ್ಟೇ. ದಯವಿಟ್ಟು ಹೊರಡಿ ಎಂದಳು. ಅವನು ಚೂರುಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ತಲೆ ತಗ್ಗಿಸಿ ಹೊರಟ.

ಎರಡು ದಿನದ ನಂತರ ಅವಳ ಕ್ಲಿನಿಕ್ಕಿನಲ್ಲಿ ರೋಗಿಗಳ ನಡುವೆ ಚೀಟಿ ಹಿಡಿದು ಕೂತಿದ್ದ. ಸರದಿ ಬಂದಾಗ ಕುರ್ಚಿಯಲ್ಲಿ ಒರಗಿದ. ಯಾವ ಹಲ್ಲು ಎಂದು ಕೇಳಿದರೆ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಒಳಗೆ ಹತ್ತಿಯ ಮೇಲೆ ಉಗುರಿನಷ್ಟು ತೆಳ್ಳಗಿನ, ಬೆಳ್ಳಿ ಬಣ್ಣದ ಮರದ ಎಸಳು. ಭೂತಗನ್ನಡಿ ಹಿಡಿದರೂ ಉಳಿಯ ಗುರುತು ಕಾಣಲಿಲ್ಲ. ಎಷ್ಟು ಕೆತ್ತಿದಿರಿ ಎಂದಳು.

"ಹನ್ನೊಂದು. ಉಳಿದ ಹತ್ತು ನಿಮಗೆ ತೋರಿಸೋ ಹಾಗಿರಲಿಲ್ಲ."

ಮಾಸ್ಕ್ ಇದ್ದರೂ ನಗು ಕಣ್ಣಲ್ಲಿ ಸಿಕ್ಕಿಬಿತ್ತು. ಅವನು ಅದನ್ನು ನೋಡಿದ. ನೋಡಿದ್ದು ಅವಳಿಗೂ ಗೊತ್ತಾಯಿತು. ಬಂದ ತಪ್ಪಿಗೆ ಹಲ್ಲು ಕ್ಲೀನ್ ಮಾಡಿಸಿಕೊಂಡೇ ಹೋದ.

ಆಮೇಲೆ ದಿನಾ ಸಂಜೆ ಅಳತೆ ಸರಿ ಇದೆಯಾ ನೋಡ್ತೀನಿ ಅಂತ ಬರತೊಡಗಿದ. ಅವಳು ಸ್ಟಿಕ್ಕರ್ ಅಂಟಿಸುವಾಗ ಲ್ಯಾಂಪ್ ಹಿಡಿಯುತ್ತಿದ್ದ. ಲ್ಯಾಂಪು ಮಾತ್ರ ಆಗಾಗ ವಿಮಾನ ಬಿಟ್ಟು ಅವಳ ಮುಖದ ಕಡೆ ವಾಲುತ್ತಿತ್ತು. ವಿಮಾನ ದಿನಾ ಬೆಳೀತಿದೆಯಾ ಎಂದು ಅಮ್ಮ ಅಡುಗೆಮನೆಯಿಂದ ವಿಚಾರಿಸಿದರು.

ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ. ಆದರೆ ಮರದ ಎಸಳು ಯಾವುದೆಂದು ಯಾರಿಗೂ ಗೊತ್ತಾಗಲಿಲ್ಲ. ಅವರಿಬ್ಬರಿಗೆ ಅದೇ ಹಬ್ಬವಾಯಿತು.

ವಾಪಸ್ ಬಂದು ಪೆಟ್ಟಿಗೆಯನ್ನು ಮೂರನೇ ಮಹಡಿಯ ಅವಳ ಮನೆಗೆ ಹೊತ್ತರು, ಅವನು ಮುಂದೆ, ಅವಳು ಹಿಂದೆ. ಎರಡನೇ ಮಹಡಿಯಲ್ಲಿ ಸುಧಾರಿಸಿಕೊಳ್ಳಲು ಕೆಳಗಿಳಿಸಿದರು. ಇಬ್ಬರ ಮಧ್ಯೆ ಗಾಜು, ಗಾಜಿನೊಳಗೆ ಬಾಂಬರ್.

ಅವನು ಕೈ ಒರೆಸಿಕೊಳ್ಳುತ್ತಾ, ಇನ್ನು ತನ್ನ ಕೆಲಸ ಮುಗಿದ ಹಾಗೇ ಎಂದ. ಬೇರೆಯವರ ಬಾಯಿ ತೆರೆಸಿಯೇ ಬದುಕುವವಳಿಗೆ ತನ್ನ ಬಾಯಿ ತೆರೆಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

"ಕೆಲಸ ಇಲ್ದಿದ್ರೂ ಬರಬಹುದು," ಎಂದಳು.

"ಹಾಗೆ ಬಂದ್ರೆ ಹೋಗೋಕೆ ಮನಸ್ಸಾಗಲ್ಲ ಡಾಕ್ಟ್ರೇ."

"ಹೋಗಿ ಅಂತ ಯಾರು ಹೇಳಿದ್ರು?"

ಅವನು ಪೆಟ್ಟಿಗೆ ಸುತ್ತಿ ಅವಳ ಪಕ್ಕಕ್ಕೆ ಬಂದು ನಿಂತ. ಅಂಟಿನ ಕಲೆಯಿದ್ದ ಅವಳ ಬೆರಳುಗಳು ಅವನ ಒರಟು ಅಂಗೈಯೊಳಗೆ ಸೇರಿಕೊಂಡವು. ಇನ್ನೊಂದು ಮಹಡಿ ಹತ್ತುವುದು ಬಾಕಿಯಿತ್ತು. ಇಬ್ಬರಿಗೂ ಅವಸರವಿರಲಿಲ್ಲ.