ದಾಳಿಂಬೆ ಹೂವಿಗೆ ಹಸಿರು ದಾರ

ವಹ್ರಾಮ್‌ನ ಅಂಗಡಿ ಬಾಗಿಲಲ್ಲೇ ಜಬೆಲ್ ನಿಂತುಬಿಟ್ಟಳು.

ಒಳಗೆ ಹರಿದ ಕಾರ್ಪೆಟ್ ರಿಪೇರಿ ಮಾಡುತ್ತ ವಹ್ರಾಮ್ ಬಗ್ಗಿ ಕೂತಿದ್ದ. ಪಕ್ಕದ ನೂಲಿನಂಗಡಿಯ ಲೂಸೀನ್ ಅವನ ಕೈ ಹಿಡಿದು ಒಂದೊಂದೇ ದಾರದ ಮೇಲೆ ಇಡುತ್ತ, ಮೆಲ್ಲಗೆ ಏನೋ ಹೇಳುತ್ತಿದ್ದಳು.

ಓಹೋ... ಕೈ ಹಿಡಿಯುವಷ್ಟು ಮುಂದುವರಿದಿದೆಯಾ! ಜಬೆಲ್‌ಗೆ ನೋಡಿದ್ದು ಸಾಕಾಗಿಹೋಯಿತು.

ಬೈರುತ್‌ನ ಆ ಅರ್ಮೇನಿಯನ್ ಬೀದಿಗೆಲ್ಲ ಜಬೆಲ್-ವಹ್ರಾಮ್ ಕಥೆ ಗೊತ್ತಿತ್ತು. ಊಟ ಬಿಟ್ಟು ಅರಾಕ್ ಸಾರಾಯಿ ಕುಡಿಯುತ್ತಿದ್ದ ವಹ್ರಾಮ್‌ಗೆ ಅವಳು ನಿಶ್ಚಿತಾರ್ಥದ ಉಂಗುರ ವಾಪಸ್ ಕೊಟ್ಟಿದ್ದಳು. "ಆರು ತಿಂಗಳು ಕುಡಿಯದೆ ಇದ್ದು ತೋರಿಸು. ಆಮೇಲೆ ಬಂದು ಅಪ್ಪನ್ನ ಕೇಳು" ಅಂದಿದ್ದಳು.

ಅವನು ಬಿಟ್ಟೇಬಿಟ್ಟ. ಎಂಟು ತಿಂಗಳಾಯಿತು. ಕೇಳಲು ಮಾತ್ರ ಬರಲಿಲ್ಲ! ಮೊನ್ನೆ ಚರ್ಚ್ ಮೆಟ್ಟಿಲ ಮೇಲೆ ಎದುರೇ ಸಿಕ್ಕಿದರೂ ನಗದೆ ಹೋದ.

ನನಗೋಸ್ಕರ ಬಿಟ್ಟ ಅಂದುಕೊಂಡೆನಲ್ಲ... ಎಂಥ ಪೆದ್ದಿ ನಾನು!

"ತೊಂದರೆ ಕೊಟ್ಟೆನಾ?"

"ಜಬೆಲ್...!" ಅವನು ಬೆಚ್ಚಿ ತಲೆಯೆತ್ತಿದ. ಆದರೆ ನೋಟ ಸರಿದದ್ದು ಪಕ್ಕಕ್ಕೆ, ಲೂಸೀನ್ ಕಡೆಗೆ.

ನನ್ನ ಹೆಸರು ಹೇಳುವಾಗಲೂ ಅವಳನ್ನೇ ನೋಡಬೇಕಾ?

"ನಿನ್ನಂಗಡಿ ಬಾಗಿಲು ತೆರೆದೇ ಇದೆ ಲೂಸೀನ್. ಹೋಗಿ ನೋಡ್ಕೋ."

"ನೀನು ಅಂದ್ಕೊಂಡ ಹಾಗೆ ಏನೂ..."

"ಹೋಗು ಲೂಸೀನ್, ನಾನೇ ಹೇಳ್ತೀನಿ" ಎಂದ ವಹ್ರಾಮ್.

ಅವಳೆದ್ದು ಹೋದ ಸ್ಟೂಲಿನ ಮೇಲೆ ಜಬೆಲ್ ಧಪ್ಪನೆ ಕೂತಳು.

"ಹೂಂ, ಈ ದಾಳಿಂಬೆ ಹೂ ಮುಗಿಸು. ಅವಳ ಕೈ ಇಲ್ಲದೆ ನಿನ್ನ ಸೂಜಿ ಓಡುತ್ತಾ ನೋಡೋಣ!"

ವಹ್ರಾಮ್ ದಾರಗಳ ಮೇಲೆ ಕೈಯಾಡಿಸಿದ. ಆಮೇಲೆ ತಡವರಿಸಿ ಒಂದು ದಾರ ತೆಗೆದ. ಬೆರಳಲ್ಲೇ ಜಾಗ ಹುಡುಕಿ ಎರಡು ಹೊಲಿಗೆ ಹಾಕಿದ.

ಕೆಂಪು ಹೂವಿನ ನಡುವೆ... ಹಸಿರು ದಾರ!

"ತಮಾಷೆ ಮಾಡ್ತಿದ್ದೀಯಾ?"

"ತಪ್ಪಾಯ್ತಾ?" ಅವನ ದನಿ ಕುಸಿಯಿತು. "ಕೆಂಪು, ಹಸಿರು ಎರಡೂ ನಂಗೀಗ ಒಂದೇ, ಜಬೆಲ್. ಬಣ್ಣ ಹೇಳಿಕೊಡೋಕೇ ಲೂಸೀನ್ ಬರೋದು."

ಅವಳು ಆ ಹಸಿರು ಹೊಲಿಗೆಯನ್ನು ಮತ್ತೆ ನೋಡಿದಳು.

"ಕುಡೀತಿದ್ದಾಗ ಕಣ್ಣು ಮಂಜಾದ್ರೆ ಅರಾಕ್‌ನಿಂದ, ಬೆಳಿಗ್ಗೆ ಸರಿಹೋಗುತ್ತೆ ಅಂದ್ಕೊಂಡಿದ್ದೆ. ಬಿಟ್ಟೆ... ಮಂಜು ಬಿಡಲಿಲ್ಲ. ಕಣ್ಣಿನ ನರ ಸೊರಗಿದೆಯಂತೆ. ನೇರ ನೋಡಿದ್ರೆ ನಿನ್ನ ಮುಖ ಇರೋ ಕಡೆ ಹೊಗೆ. ಪಕ್ಕಕ್ಕೆ ನೋಡಿದ್ರೆ ಮಾತ್ರ ಸ್ವಲ್ಪ ಕಾಣ್ತೀಯ."

ಹಾಗಾದರೆ ಆಗ ಅವನು ನೋಡುತ್ತಿದ್ದದ್ದು... ನನ್ನನ್ನೇ!

ಜಬೆಲ್‌ಳ ಕಣ್ಣು ತುಂಬಿತು. ಜೊತೆಗೇ ಸಿಟ್ಟೂ ಉಕ್ಕಿತು.

"ಅವಳಿಗೆ ಹೇಳಿದೆ! ನನಗೆ ಯಾಕೆ ಹೇಳಲಿಲ್ಲ?"

"ಅವಳು ಬಿಟ್ಟು ಹೋದ್ರೆ ನಂಗೇನೂ ಆಗಲ್ಲ ಜಬೆಲ್. ನೀನು ಹೋದ್ರೆ...?"

ಇಷ್ಟು ದಿನ ಹೊಟ್ಟೆಕಿಚ್ಚುಪಟ್ಟದ್ದು ಯಾರ ಮೇಲೆ, ಯಾತಕ್ಕೆ!

"ಡಾಕ್ಟರ್ ಏನಂತಾರೆ?"

"ಮತ್ತೆ ಕುಡೀಬಾರದು. ಹೊತ್ತಿಗೆ ಸರಿಯಾಗಿ ಊಟ, ವಿಟಮಿನ್ ಮಾತ್ರೆ. ಮೊದಲಿಗಿಂತ ಈಗ ವಾಸಿ. ಆದ್ರೆ ಪೂರ್ತಿ ಬರುತ್ತೆ ಅಂತ ಮಾತು ಕೊಟ್ಟಿಲ್ಲ. ಅದಕ್ಕೇ ನಿಮ್ಮಪ್ಪನ ಮುಂದೆ ಯಾವ ಮುಖ ಇಟ್ಕೊಂಡು..."

"ಕುಡಿತ ಬಿಡು ಅಂದಿದ್ದೆ, ಬಿಟ್ಟೆ. ಕಣ್ಣಿನ ಮಾತು ನಾನು ಯಾವತ್ತಾದ್ರೂ ಎತ್ತಿದ್ದೆನಾ?"

ಅವಳೇ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಭಾನುವಾರ ಮನೆಗೆ ಬರ್ತೀಯಾ?"

"ಬರ್ತೀನಿ... ಬೆಳಿಗ್ಗೇನೇ ಬರ್ತೀನಿ!"

"ಲೂಸೀನ್ ಕೈ ಹಿಡ್ಕೊಂಡು ಬಂದ್ರೆ ಮಾತ್ರ ಬಾಗಿಲು ತೆಗೆಯಲ್ಲ!"

"ಮತ್ತೆ ನಿಮ್ಮನೆ ಮೆಟ್ಟಿಲು ಹತ್ತಿಸೋರು ಯಾರು?"

"ನಾನೇ ಇಳಿದು ಬರ್ತೀನಿ ಕಣೋ..."