ಹೊರಗೆ ಸಿಕ್ಕರೆ ಗುರುತಿಲ್ಲ

ಮಡಿಕೇರಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸಣ್ಣಸ್ವಾಮಿ ಕೂತಿದ್ದನ್ನು ಕಂಡ ಕೂಡಲೇ ಉಷಾರಾಣಿಗೆ ಅಳು ಒತ್ತರಿಸಿ ಬಂತು. ಸದ್ಯ, ಬದುಕಿದ್ದಾರೆ!

ಬೆಳಗ್ಗೆಯಿಂದ ಆಕೆ ಜೀವವನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದ್ದಳು. ಎಚ್‌ಐವಿ ಮಾತ್ರೆ ಕೊಡುವ ಸೆಂಟರಿನಲ್ಲಿ ಕೌನ್ಸೆಲರ್ ಮೋನಿಷಾ ಐವತ್ತು ದಾಟಿದವರಿಗೆಂದೇ ಒಂದು ಗುಂಪು ಕಟ್ಟಿದ್ದಳು. ಹನ್ನೊಂದು ಜನ. ತಿಂಗಳಿಗೊಂದು ದಿನ ಸೇರಿ ಮಂಡಿನೋವು, ಮರೆವು, ಮಕ್ಕಳಿಗೆ ಹೇಳಲಾಗದ ಮಾತು ಎಲ್ಲವನ್ನೂ ಹಂಚಿಕೊಳ್ಳುತ್ತಿದ್ದರು. ಇವತ್ತು ಸಣ್ಣಸ್ವಾಮಿಯ ಕುರ್ಚಿ ಖಾಲಿಯಿತ್ತು. ಆ ಕೋಣೆಯಲ್ಲಿ ಖಾಲಿ ಕುರ್ಚಿಯ ಕಡೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

"ಅವರಿಗೇನಾಯ್ತಮ್ಮಾ?" ಎಂದು ಕೇಳಿದರೆ ಮೋನಿಷಾ, "ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ ಆಂಟಿ," ಎಂದುಬಿಟ್ಟಿದ್ದಳು.

ಈಗ ನೋಡಿದರೆ ಮನುಷ್ಯ ಆರಾಮಾಗಿ ಪೇಪರ್ ಓದುತ್ತಾ ಕೂತಿದ್ದಾರೆ! ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು. ಪಾಲಿಬೆಟ್ಟದ ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಬರೆದವರು. ರೈಟರ್ ರಿಟೈರ್ ಆದರೂ ಪೆನ್ನು ಆಗಿರಲಿಲ್ಲ.

"ರೈಟ್ರೇ!" ಎಂದು ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಪಕ್ಕದಲ್ಲಿ ಸೊಸೆ ಅಶ್ವಿತಾ ಇದ್ದಳು.

ತಾಲ್ಲೂಕು ಆಫೀಸಿನಲ್ಲಿ ಕೆಲಸವಿದೆಯೆಂದು ಅವಳೂ ಕುಶಾಲನಗರದಿಂದ ಜೊತೆಗೆ ಬಂದಿದ್ದಳು. ಅತ್ತೆ ನುಂಗುವುದು ಬಿಪಿ ಮಾತ್ರೆ ಎಂದೇ ಅವಳ ನಂಬಿಕೆ. ಲಾರಿ ಓಡಿಸುತ್ತಿದ್ದ ಮಾವ ಕಾಮಾಲೆಯಿಂದ ಹೋದರು ಎಂದೇ ನಂಬಿಕೆ. ನಿಜ ಗೊತ್ತಾದರೆ? ಅಜ್ಜಿಯ ತಟ್ಟೆಯಲ್ಲೇ ತುತ್ತು ತಿನ್ನುವ ಮೊಮ್ಮಗಳು ಚಿನ್ನಿಯನ್ನು ಅವಳು ಎಳೆದುಕೊಂಡುಬಿಟ್ಟರೆ? ಹದಿನಾರು ವರ್ಷಗಳಿಂದ ಉಷಾರಾಣಿ ಹೊಲಿಗೆ ಮೆಷಿನ್ನಿಗೆ ಕೂರುವುದೂ ಮಲಗುವುದೂ ಏಳುವುದೂ ಈ ಹೆದರಿಕೆಯ ಜೊತೆಗೇ.

ಗುಂಪಿನವರದೂ ಅದೇ ಹೆದರಿಕೆ. ಅದಕ್ಕೇ ಎಲ್ಲರೂ ಸೇರಿ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಒಳಗೆ ನೆಂಟರು, ಹೊರಗೆ ಸಿಕ್ಕರೆ ಗುರುತಿಲ್ಲ.

"ಅಂಕಲ್, ಸ್ವಲ್ಪ ಸರ್ಕೊಳ್ತೀರಾ? ನಮ್ಮತ್ತೆಗೆ ಬಿಪಿ," ಎಂದಳು ಅಶ್ವಿತಾ.

"ಅಯ್ಯೋ, ಕೂರ್ಸಿ ಕೂರ್ಸಿ. ಬಿಪಿ ಇರೋರು ನಿಂತ್ಕೋಬಾರ್ದು."

ಸಣ್ಣಸ್ವಾಮಿಯ ಹುಬ್ಬು ಒಂದು ಎಳೆಯಷ್ಟು ಮೇಲೇರಿತು. ಕಣ್ಣಂಚಿನಲ್ಲಿ ನಗು ಮಿಂಚಿ ಆರಿತು. ಮತ್ತೆ ಪೇಪರಿನೊಳಗೆ ಮುಖ. ಯಾರೋ ಅಪರಿಚಿತರು ಕೂಡ ಇದಕ್ಕಿಂತ ಹೆಚ್ಚು ನೋಡುತ್ತಾರೆ! ಉಷಾರಾಣಿಗೆ ನೆಮ್ಮದಿಯಾಗಬೇಕಿತ್ತು. ಎದೆ ಚುರ್ ಎಂದಿತು.

"ಅತ್ತೆ, ಚಿನ್ನಿಗೆ ಬಿಸ್ಕತ್ ತರ್ತೀನಿ. ಎಲ್ಲೂ ಹೋಗ್ಬೇಡಿ."

ಸೊಸೆ ಅಂಗಡಿಯ ಕಡೆ ತಿರುಗಿದ್ದೇ ತಡ, ಉಷಾರಾಣಿ ಎದುರಿನ ಗೋಡೆಗೆ ಹೇಳುವವಳಂತೆ ಪಿಸುಗುಟ್ಟಿದಳು. "ಯಾಕೆ ಬರ್ಲಿಲ್ಲ? ನಾನು ಏನೇನೋ ಅಂದ್ಕೊಂಡು ಸತ್ತೇ ಹೋಗಿದ್ದೆ."

"ಮಾತಾಡ್ಬೇಡಿ ಟೈಲರಮ್ಮ. ಹೊರಗೆ ನಾವು ಯಾರೋ, ನೀವು ಯಾರೋ." ಪೇಪರ್ ಅಲುಗಲಿಲ್ಲ. "ಬೆಳಗ್ಗೇನೇ ಬಂದು ಟ್ರಾನ್ಸ್‌ಫರ್ ಪತ್ರ ತಗೊಂಡೆ. ಮೈಸೂರಲ್ಲಿ ಅಣ್ಣನ ಮಗ ಇದ್ದಾನೆ. ಇನ್ಮೇಲೆ ಮಾತ್ರೆ ಅಲ್ಲೇ."

"ನಂಗೊಂದು ಮಾತು ಹೇಳ್ದೆ?"

"ಕೇಳಿದ್ನಲ್ಲ ಹೋದ ತಿಂಗಳು. ನೀವು ಉತ್ರಾನೂ ಕೊಟ್ರಿ."

ಹೋದ ತಿಂಗಳು! ಸೆಂಟರಿನ ಮೆಟ್ಟಿಲ ಮೇಲೆ ಈ ಮನುಷ್ಯ ಚಪ್ಪಲಿ ನೋಡಿಕೊಂಡು ಕೇಳಿದ್ದರು: "ದಿನಾ ಒಂಬತ್ತಕ್ಕೆ ನೀವು ಅಲ್ಲಿ ಬಿಪಿ ಅಂತ ಹೇಳಿ ನುಂಗ್ತೀರಿ, ನಾನು ಇಲ್ಲಿ ಒಬ್ನೇ ನುಂಗ್ತೀನಿ. ಒಂದೇ ಚೆಂಬಿನ ನೀರಲ್ಲಿ ನುಂಗಿದ್ರೆ ಆಗಲ್ವಾ?" ಆಕೆಗೆ ಕಿವಿಯವರೆಗೂ ಬಿಸಿಯೇರಿತ್ತು. ಅದರ ಬೆನ್ನಿಗೇ ಭಯ. ಏನು ಹೇಳಬೇಕೋ ತೋಚದೆ ನಕ್ಕು, "ಹೊರಗೆ ಸಿಕ್ಕಿದ್ರೆ ನಾನು ನಿಮ್ಮ ಗುರುತೇ ಹಿಡಿಯಲ್ಲಪ್ಪ," ಎಂದಿದ್ದಳು. ಕಟ್ಟಳೆಯ ಮಾತನ್ನೇ ತಮಾಷೆಗೆ ಹೇಳಿದ್ದು. ಅವರು ಅದನ್ನೇ ಉತ್ತರವೆಂದುಕೊಂಡು ಗಂಟು ಕಟ್ಟಿದ್ದರು.

"ನಾನು ಬೇಡ ಅಂದಿರ್ಲಿಲ್ಲ ಕಣ್ರೀ..."

ಅಷ್ಟರಲ್ಲಿ ಅಶ್ವಿತಾ ಬಂದಳು. ಹಿಂದೆಯೇ ಸಿದ್ದಾಪುರದ ಬಸ್ಸೂ ಬಂತು. ಪಾಲಿಬೆಟ್ಟಕ್ಕೆ ಅದೇ ದಾರಿ. ಸಣ್ಣಸ್ವಾಮಿ ಪೇಪರ್ ಮಡಚಿ ಎದ್ದರು. ತಿರುಗಿ ನೋಡಲಿಲ್ಲ. ನೋಡುವುದೂ ಇಲ್ಲ, ಆಕೆಗೆ ಗೊತ್ತು. ಸಾಯುವವರೆಗೂ ಆಕೆಯ ಗುಟ್ಟನ್ನು ಕಾಪಾಡುವ ಮನುಷ್ಯ ಅದು.

ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ ಹೋಯಿತು.

"ರೈಟ್ರೇ! ಹತ್ಬೇಡಿ!"

ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡಿದಂತಾಯಿತು. ಅಶ್ವಿತಾಳ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಾಗೇ ನಿಂತಿತು. "ಅತ್ತೆ, ಇವ್ರು ನಿಮಗೆ ಗೊತ್ತಾ?"

ಇಲ್ಲ ಎನ್ನಬಹುದಿತ್ತು, ಬೇರೆ ಯಾರೋ ಅಂದುಕೊಂಡೆ ಅನ್ನಬಹುದಿತ್ತು.

"ಗೊತ್ತು ಕಣವ್ವ. ನಾನು ಮಾತ್ರೆ ತಗೊಳ್ಳೋ ಕಡೇನೇ ಇವರೂ ತಗೊಳ್ಳೋದು. ಅದು ಬಿಪಿಗಲ್ಲ. ಎಚ್‌ಐವಿಗೆ. ನಿಮ್ಮ ಮಾವ ಹೋಗಿದ್ದೂ ಅದ್ರಲ್ಲೇ. ಇವತ್ತು ಇವ್ರು ಹೋಗ್ಬಿಟ್ರೆ ನನ್ಕೈಲಿ ಆಗಲ್ಲ."

ಅಶ್ವಿತಾಳ ಮುಖದಲ್ಲಿ ರಕ್ತವಿರಲಿಲ್ಲ. ತುಟಿ ಅಲುಗಿತು. "ಚಿನ್ನಿ... ನಿಮ್ಮ ತಟ್ಟೇಲೇ..."

"ತಟ್ಟೆಯಿಂದ ಬರಲ್ಲವ್ವ, ಮುತ್ತಿಂದಾನೂ ಬರಲ್ಲ. ನನ್ನ ನಂಬಬೇಡ, ಅಲ್ಲಿ ಮೋನಿಷಾ ಮೇಡಂ ಇದ್ದಾರೆ, ಅವರನ್ನೇ ಕೇಳು."

ಕಂಡಕ್ಟರ್ ಬಾಗಿಲು ಬಡಿದ. ಬಸ್ಸು ಹೊರಟಿತು. ಸಣ್ಣಸ್ವಾಮಿ ಕೆಳಗೇ ಉಳಿದಿದ್ದರು. ಅಶ್ವಿತಾ ಅವರನ್ನೂ ಅತ್ತೆಯನ್ನೂ ತುಂಬಾ ಹೊತ್ತು ನೋಡಿದಳು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು.

"ಆ ಸೆಂಟರ್ ಎಷ್ಟು ಗಂಟೆವರೆಗೆ ತೆಗ್ದಿರುತ್ತೆ?"

"ನಾಲ್ಕು," ಎಂದರು ಸಣ್ಣಸ್ವಾಮಿ. "ಏರು ದಾರಿ. ಈಗ್ಲೇ ಹೊರಟ್ರೆ ಸಿಗ್ತದೆ."

ಅಶ್ವಿತಾ ಮುಂದೆ ನಡೆದಳು. ಉಷಾರಾಣಿಗೆ ಹೆಜ್ಜೆ ಕಿತ್ತಿಡಲಾಗಲಿಲ್ಲ. ಸಣ್ಣಸ್ವಾಮಿ ಅಷ್ಟು ಜನರ ಎದುರಿಗೇ ಆಕೆಯ ಕೈ ಹಿಡಿದುಕೊಂಡರು.