ಅರವತ್ತಾರರ ಹೆಸರಲ್ಲಿ ಎಳೆಯ ಹೃದಯ

ಕೋಟಿನ ಗುಂಡಿ ಹಾಕಿಸಲು ಬಂದ ಗಿರಾಕಿ ಅಂಗಡಿಯೊಳಗೆ ಇಣುಕಿ ಕಿರುಚಿದ. ಟೈಲರ್ ಅಕ್ಕ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟಿದ್ದರು. ಕುತ್ತಿಗೆಗೆ ಅಳತೆಯ ಟೇಪು ಬಿಗಿದಿತ್ತು. ಸೂಜಿಯ ಕೆಳಗಿನ ಬಟ್ಟೆ ಅರ್ಧಕ್ಕೇ ನಿಂತಿತ್ತು.

ಇನ್ಸ್‌ಪೆಕ್ಟರ್ ಬಂದಳು. ಸಾವು ಮಧ್ಯಾಹ್ನ ಎರಡರಿಂದ ಮೂರರೊಳಗೆ ಆಗಿತ್ತು.

"ಒಬ್ಬ ಅಳ್ತಾ ಹೊರಗೆ ಬಂದ," ಎಂದ ಎದುರಿನ ಬೀಗದ ಅಂಗಡಿಯವನು. "ಈಜುಕೊಳದಲ್ಲಿ ಕಾವಲಿಗಿದ್ದು ಜೈಲಿಗೆ ಹೋಗಿದ್ನಲ್ಲ, ಅವನೇ."

ಕಾವಲುಗಾರ ಸಂಜೆಗೇ ಸಿಕ್ಕಿದ.

"ಖುಷಿಗೆ ಅತ್ತಿದ್ದು ಮೇಡಂ. ಅವತ್ತು ಕೊಳದಲ್ಲಿ ಮಗು ಮುಳುಗಿ ಸತ್ತಾಗ ನಾನು ಹತ್ರ ಇರ್ಲಿಲ್ಲ. ಕೋಚ್ ನನ್ನ ಯಾವುದೋ ಕೆಲಸಕ್ಕೆ ಕಳಿಸಿದ್ರು. ಆಮೇಲೆ ಕಳಿಸೇ ಇಲ್ಲ ಅಂದ್ಬಿಟ್ರು, ತಪ್ಪು ನನ್ನ ತಲೆಗೆ ಬಂತು. ಈ ಟೈಲರ್ ಅಕ್ಕ ಕೋಚ್‌ನ ಸ್ವಂತ ಅಕ್ಕ, ಅವರು ನನ್ನ ಕಳಿಸಿದ್ದನ್ನ ಕಿವಿಯಾರೆ ಕೇಳಿದ್ರು. ಇವತ್ತು ಕರೆಸಿ, ಈಗ ಎಲ್ಲಾ ಹೇಳ್ತೀನಿ, ನನ್ನ ಕ್ಷಮಿಸಪ್ಪಾ ಅಂದ್ರು."

"ಸತ್ತವರು ಬಂದು ಸಾಕ್ಷಿ ಹೇಳ್ತಾರಾ?" ಎಂದು ಪೇದೆ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ.

* * *

ನಿವೃತ್ತ ಕೋಚ್‌ಗೆ ಅರವತ್ತಾರು. ಸತ್ತವಳ ತಮ್ಮ. ಬಾಗಿಲು ತೆರೆದವರೇ, "ಅಕ್ಕ ಸತ್ತ ಹೊತ್ತಲ್ಲಿ ನಾನು ಆಸ್ಪತ್ರೇಲಿ ಹೃದಯದ ಸ್ಕ್ಯಾನ್, ಎಕೋ ಮಾಡಿಸ್ತಾ ಇದ್ದೆ," ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವರು ಎಲ್ಲಿದ್ದರೆಂದು ಇನ್ಸ್‌ಪೆಕ್ಟರ್ ಇನ್ನೂ ಕೇಳಿಯೇ ಇರಲಿಲ್ಲ.

ಆದರೆ ಮಾತು ನಿಜದಂತಿತ್ತು. ಆರೋಗ್ಯವಂತರ ಹೃದಯ ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆ ಎಂಬ ಅಧ್ಯಯನಕ್ಕೆ ಅವರೂ ಸೇರಿದ್ದರು. ಎಕೋ ಚಿತ್ರದ ಮೇಲೆ ಅವರ ಹೆಸರು, ಅದೇ ಮಧ್ಯಾಹ್ನದ ಹೊತ್ತು. ಎಕೋ ತೆಗೆದವಳು ಅಲ್ಲಿ ಕೆಲಸ ಮಾಡುವ ಅವರ ಮಗಳು.

ಮಗಳು! ಇನ್ಸ್‌ಪೆಕ್ಟರ್ ನೇರ ಹೃದಯದ ಡಾಕ್ಟರ ಬಳಿ ಹೋದಳು.

ಚಿತ್ರ ನೋಡಿ ಅವರ ಹುಬ್ಬು ಗಂಟಾಯಿತು. "ಕಾಯಿಲೆ ಇಲ್ಲದಿದ್ರೂ ವಯಸ್ಸಾದ ಹಾಗೆ ಹೃದಯದ ಎಡಗಡೆ ಕೋಣೆ ಗಿಡ್ಡ ಆಗುತ್ತೆ. ಕೆಲವರಲ್ಲಿ ನಡುಗೋಡೆಯ ಮೇಲ್ಭಾಗ ಒಳಕ್ಕೆ ಉಬ್ಬುತ್ತೆ. ಇದು ನೋಡಿ, ಉದ್ದಕ್ಕೆ ನೀಳವಾಗಿದೆ. ಎಳೇ ಹೃದಯ."

"ಅವರದ್ದಲ್ಲ ಅಂತೀರಾ?"

"ಇಷ್ಟರಿಂದಲೇ ಹೇಳಿದ್ರೆ ತಪ್ಪಾದೀತು. ಒಬ್ಬೊಬ್ಬರದ್ದು ಒಂದೊಂದು ಥರ. ಅವರನ್ನ ಕರೆಸಿ, ಇನ್ನೊಂದ್ಸಲ ತೆಗೀತೀನಿ."

* * *

ಕೋಚ್ ಒಲ್ಲದ ಮನಸ್ಸಿನಿಂದ ಮಲಗಿದರು. ಈ ಸಲ ಡಾಕ್ಟರೇ ಉಪಕರಣ ಹಿಡಿದರು. ಮಗಳು ಗೋಡೆಗೊರಗಿ ನಿಂತಿದ್ದಳು. ತೆರೆಯ ಮೇಲೆ ಗಿಡ್ಡನೆಯ ಕೋಣೆ ಮೂಡಿತು. ನಡುಗೋಡೆಯ ಮೇಲ್ಭಾಗ ಉಬ್ಬಿತ್ತು.

"ಎರಡು ದಿನದಲ್ಲಿ ಹೃದಯ ಇಷ್ಟು ಬದಲಾಗಲ್ಲ," ಎಂದರು ಡಾಕ್ಟರ್. "ಇದು ಬೇರೆ, ಅದು ಬೇರೆ."

ಇನ್ಸ್‌ಪೆಕ್ಟರ್ ತಿರುಗಿದಳು. "ಆ ಹೊತ್ತಲ್ಲಿ ಇಲ್ಲಿಗೆ ಬೇರೆ ಯಾರೂ ಬಂದಿಲ್ಲ ಅಂತ ಹೊರಗಿನ ನರ್ಸ್ ಹೇಳ್ತಾರೆ. ನಿಮ್ಮಪ್ಪನೂ ಬಂದಿಲ್ಲ. ಕೋಣೇಲಿ ಇದ್ದವಳು ನೀನೊಬ್ಬಳೇ. ಆ ಹೃದಯ ಯಾರದಮ್ಮಾ?"

ಹುಡುಗಿ ಗೋಡೆ ಬಿಟ್ಟು ಮುಂದೆ ಬಂದಳು. "ನನ್ನದೇ ಮೇಡಂ. ನನ್ನ ಎದೆ ಮೇಲೆ ನಾನೇ ಇಟ್ಕೊಂಡು ತೆಗೆದೆ. ಸ್ನೇಹಿತರಿಗೆ ಹುಷಾರಿಲ್ಲ, ನೋಡೋಕೆ ಹೋಗ್ಬೇಕು, ಎಕೋ ತಪ್ಪಿಸಿದ್ರೆ ಡಾಕ್ಟರ್ ಬೈತಾರೆ, ನನ್ನ ಹೆಸರಲ್ಲಿ ಏನೋ ಒಂದು ತೆಗೆದಿಡು ಅಂದ್ರು ಅಪ್ಪ. ಅತ್ತೆ ಸತ್ತ ಹೊತ್ತು ಗೊತ್ತಾದಾಗ್ಲೂ, ನೀನು ಬಾಯಿ ಬಿಟ್ರೆ ನನ್ನ ಮೇಲೆ ಸುಮ್ಮನೆ ಅನುಮಾನ ಬರುತ್ತೆ ಅಂದ್ರು. ನಂಬಿದೆ."

ಕೋಚ್ ಅಂಗಿಯ ಗುಂಡಿ ತಡಕಿದರು. ಸಿಗಲಿಲ್ಲ.

"ಆ ದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದ್ಳು. ಇನ್ನು ಮುಚ್ಚಿಡೋಕಾಗಲ್ಲ, ಆ ಕಾವಲುಗಾರನಿಗೂ ಹೇಳಿಕಳಿಸಿದ್ದೀನಿ ಅಂದ್ಳು," ಎಂದರು. "ಹೋಗಿ ಕಾಲಿಗೆ ಬಿದ್ದೆ. ಬೇಡಕ್ಕಾ ಅಂದೆ. ಅವಳು ತಲೆಯೆತ್ತದೆ ಹೊಲೀತಾನೇ ಇದ್ಳು. ಕೊರಳಲ್ಲಿದ್ದ ಟೇಪು ನನ್ನ ಕೈಗೆ ಸಿಕ್ತು."

ಇನ್ಸ್‌ಪೆಕ್ಟರ್ ಅವರ ತೋಳು ಹಿಡಿದಳು. ಬಾಗಿಲ ಹತ್ತಿರ ಮಗಳು ಅಡ್ಡ ಬಂದಳು.

"ಅತ್ತೆ ನಿಮ್ಮನ್ನ ಏನಂತ ಕರೆದ್ರು ಅಪ್ಪಾ, ಕೊನೇಲಿ?"

ಅವರು ನೆಲ ನೋಡುತ್ತಾ ಹೇಳಿದರು.

"ಪುಟ್ಟಾ ಅಂತ."